ಕಿಟ್ಟೆಲ್ ನಿಘಂಟು ಬೇಕು, ಕಿಟ್ಟೆಲ್ ಚರಿತ್ರೆ ಬೇಡ!

ಕೃತಜ್ಞತೆಯ ಮಾತಿನಲ್ಲಿ ನಾವು ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ. ನವೆಂಬರ್ ತಿಂಗಳು ಬಂತೆಂದರೆ ಸಾಕು, ಮುಂಬಯಿಯ ಯಾವ ಕನ್ನಡ ಸಂಘದ ವೇದಿಕೆಯ ಮೇಲಾದರೂ ಒಬ್ಬರಲ್ಲ ಒಬ್ಬರು ಭಾಷಣಕಾರರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಹೆಸರೆತ್ತಿ ಕೈಮುಗಿಯುತ್ತಾರೆ. ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದ ಆ ಜರ್ಮನ್ ಪಾದ್ರಿಯನ್ನು ಕೊಂಡಾಡುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಬಳಿಕ ಉಪ್ಪಿಟ್ಟು, ಕಾಫಿ, ವಂದನಾರ್ಪಣೆ.

ಅದೇ ಸಭೆಯಲ್ಲಿ ಕುಳಿತ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸ್ವಾಮೀ, ಆ ಪಾದ್ರಿಗಳು 1853ರಲ್ಲಿ ಹಡಗು ಹತ್ತಿ ಬಂದದ್ದು ನಿಘಂಟು ಬರೆಯುವುದಕ್ಕಲ್ಲವಷ್ಟೆ? ಬಂದ ಕೆಲಸ ಏನಾಯಿತು? ಅವರ ಮಾತು ಕೇಳಿದವರು ಯಾರು, ಕೇಳದೆ ಹೋದವರು ಯಾರು, ಕೇಳಿದವರ ಗತಿ ಏನಾಯಿತು?" ಎಂದು ವಿಚಾರಿಸಿದನೆನ್ನಿ. ಸಭೆಯಲ್ಲಿ ಒಮ್ಮೆಗೇ ಕೆಮ್ಮು ಹತ್ತಿಕೊಳ್ಳುತ್ತದೆ. ಅಧ್ಯಕ್ಷರು ಗಡಿಯಾರ ನೋಡುತ್ತಾರೆ. ನಿಘಂಟು ನಮಗೆ ಬೇಕು. ಅದನ್ನು ಬರೆಸಿದ ಚರಿತ್ರೆ ಬೇಡ. ಇದು ಯಾವ ನ್ಯಾಯ?

ಇದು ಬರಿಯ ಕಲ್ಪನೆಯೆಂದು ವಾಚಕರು ತಿಳಿಯಬಾರದು. ನಮ್ಮ ಬಳಗದ ಮನೆಯೊಂದರ ಹುಡುಗಿ, ಚರಿತ್ರೆಯಲ್ಲಿ ಎಂ.ಎ. ಓದುತ್ತಿದ್ದವಳು, ಹತ್ತೊಂಬತ್ತನೆಯ ಶತಮಾನದ ಕರಾವಳಿಯಲ್ಲಿ ಕ್ರೈಸ್ತಧರ್ಮ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಬೇಕೆಂದು ಹೊರಟಳು. ಅವಳಿಗೆ ಮೂರು ಕಡೆಯಿಂದ ಮೂರು ಬುದ್ಧಿವಾದಗಳು ಬಂದವು. ಸೋದರಮಾವ ಹೇಳಿದರು: "ಬೇರೆ ವಿಷಯವೇ ಸಿಗಲಿಲ್ಲವೇನೇ? ನಾಳೆ ಗಂಡಿನ ಕಡೆಯವರು ಕೇಳಿದರೆ ಏನೆಂದು ಹೇಳೋಣ?" ಮಾಹಿತಿಗಾಗಿ ಹೋಗಿ ಕಂಡ ಕನ್ನಡ ಕ್ರೈಸ್ತ ಕುಟುಂಬದ ಹಿರಿಯರು ಹೇಳಿದರು: "ನಮ್ಮ ವಿಷಯ ನಿನಗೇಕಮ್ಮಾ? ಬರೆಯಲೇಬೇಕೆಂದರೆ ಒಳ್ಳೆಯದನ್ನಷ್ಟೇ ಬರೆ." ಮಾರ್ಗದರ್ಶಕರು ಹೇಳಿದರು: "ಇದಕ್ಕೆ ಕನ್ನಡ ಏಕೆ? ಇಂಗ್ಲಿಷಿನಲ್ಲಿ ನಾಲ್ಕು ಪುಸ್ತಕಗಳಿವೆ. ನೋಡಿಕೊಂಡು ಮೂರು ತಿಂಗಳಲ್ಲಿ ಮುಗಿಸು." ಕೊನೆಗೆ ಆ ಹುಡುಗಿ ಕೊಂಕಣದ ಪ್ರವಾಸೋದ್ಯಮದ ಮೇಲೆ ಬರೆದು ತೇರ್ಗಡೆಯಾದಳು. ಎಲ್ಲರಿಗೂ ಸಮಾಧಾನವಾಯಿತು.

ನಮಗೆ ಆಗಲಿಲ್ಲ. ನಾವು ಪಂಡಿತರಲ್ಲ, ವಿಜ್ಞಾನದ ಪದವಿಯೊಂದನ್ನು ಪಡೆದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಕಾಲ ಕಳೆಯುತ್ತಿರುವ ಗುಮಾಸ್ತರು. ಕ್ರೈಸ್ತರೂ ಅಲ್ಲ. ಆದರೂ ಈ ಮೂರು ಬುದ್ಧಿವಾದಗಳೂ ನಮ್ಮ ಮಕ್ಕಳ ವಿದ್ಯೆಗೂ ನಮ್ಮ ಭಾಷೆಗೂ ಕೇಡೆಂದು ನಮಗೆ ಖಂಡಿತವಾಗಿ ತೋರುತ್ತದೆ. ಒಂದೊಂದಾಗಿ ವಿಚಾರಿಸೋಣ.

ಮೊದಲು ಸೋದರಮಾವನವರ ಮಾತು. ಒಂದು ಧರ್ಮವನ್ನು ಓದಿದವರು ಆ ಧರ್ಮಕ್ಕೆ ಸೇರಿಬಿಡುತ್ತಾರೆಂಬ ಭಯ ಇದರ ಹಿಂದಿದೆ. ಹಾಗಿದ್ದರೆ ದಿವಂಗತ ಶ್ರೀನಿವಾಸ ಹಾವನೂರರು ಏನಾಗಬೇಕಿತ್ತು? ವೃತ್ತಿಯಿಂದ ಗ್ರಂಥಪಾಲಕರಾಗಿದ್ದು, ನಮ್ಮ ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಲ್ಲಿಯೂ ದುಡಿದ ಈ ವಿದ್ವಾಂಸರು ಮಿಶನರಿಗಳ ಹಳೆಯ ಕಾಗದಪತ್ರಗಳ ರಾಶಿಯಲ್ಲಿ ವರ್ಷಗಟ್ಟಲೆ ಮುಳುಗಿದ್ದರು. 1974ರಲ್ಲಿ ಪ್ರಕಟವಾದ ಅವರ "ಹೊಸಗನ್ನಡದ ಅರುಣೋದಯ" ಇಲ್ಲದೆ ಇಂದು ಹತ್ತೊಂಬತ್ತನೆಯ ಶತಮಾನದ ಕನ್ನಡದ ಬಗ್ಗೆ ಯಾರೂ ಒಂದು ಪುಟ ಬರೆಯಲಾರರು. ಅವರು ಹಾವನೂರರಾಗಿ ಹೋದರು, ಹಾವನೂರರಾಗಿಯೇ ಬಂದರು. ಬರುವಾಗ ಕನ್ನಡಕ್ಕೆ ಒಂದು ಶತಮಾನವನ್ನು ಹೊತ್ತು ತಂದರು.

ಇನ್ನೊಂದು ಮಾತು. ಈ ಚರಿತ್ರೆ ಪರರ ಮನೆಯದೆಂದು ತಿಳಿದವರಿಗೆ ನಮ್ಮ ಮನೆಯೇ ಗೊತ್ತಿಲ್ಲವೆನ್ನದೆ ವಿಧಿಯಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆಯೆಂದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಮುಂದೆ ಅವರು ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಇದನ್ನೂ ನಾವು ಹೇಳಿಕೊಳ್ಳುತ್ತೇವೆ. ಆದರೆ ಪತ್ರಿಕೆ ಹೊರಟ ಕೆಲವೇ ತಿಂಗಳಲ್ಲಿ, 1844ರಲ್ಲಿ, ಇದೇ ಮೋಗ್ಲಿಂಗರ ಪ್ರಭಾವದಿಂದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣರು ಕ್ರೈಸ್ತರಾದರು, ಊರಿನಲ್ಲಿ ದೊಡ್ಡ ಗದ್ದಲವೆದ್ದಿತು, ಆ ತರುಣರು ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು ಎಂಬುದನ್ನು ಯಾರು ಹೇಳುತ್ತಾರೆ?

ದಾಸರ ಪದ ಅಚ್ಚು ಹಾಕಿದ ಕೈಯೇ ದೀಕ್ಷೆಯನ್ನೂ ಕೊಟ್ಟಿತು. ಈ ಎರಡು ಕೆಲಸಗಳು ಒಬ್ಬನೇ ಮನುಷ್ಯನಲ್ಲಿ ಹೇಗೆ ಕೂಡಿದವು? ಅವನಿಗೆ ನಮ್ಮ ಹಾಡಿನ ಮೇಲೆ ಪ್ರೀತಿಯಿತ್ತೋ, ಅಥವಾ ನಮ್ಮ ಮನಸ್ಸಿನ ಬಾಗಿಲಿಗೆ ಕೀಲಿಕೈ ಹುಡುಕುತ್ತಿದ್ದನೋ, ಅಥವಾ ಎರಡೂ ಇದ್ದವೋ? ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದೇ. ಉತ್ತರ ಮೊದಲೇ ಸಿದ್ಧವಾಗಿರುವವರಿಗೆ ಸಂಶೋಧನೆಯ ಅಗತ್ಯವಿಲ್ಲ, ನಿಜ.

ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಬಗ್ಗೆ ಕಾನೂನು ಬಂತು. 2023ರ ಜೂನ್ ತಿಂಗಳಲ್ಲಿ ಅದನ್ನು ರದ್ದುಮಾಡಲು ಸಚಿವ ಸಂಪುಟ ತೀರ್ಮಾನಿಸಿದ್ದೂ ಆಯಿತು. ಎರಡೂ ಸಲ ಇಲ್ಲಿ ನಮ್ಮ ಮನೆಮನೆಗಳಲ್ಲಿ, ಲೋಕಲ್ ಗಾಡಿಯ ಡಬ್ಬಿಗಳಲ್ಲಿ, ಕೈಯೊಳಗಿನ ಮೊಬೈಲುಗಳಲ್ಲಿ ಎಷ್ಟು ವಾಗ್ವಾದ! ಅಷ್ಟೂ ಮಂದಿಯಲ್ಲಿ 1844ರ ಆ ಪ್ರಕರಣದ ಒಂದು ಕಾಗದವನ್ನಾದರೂ ಓದಿದ್ದವರು ಎಷ್ಟು ಜನ? ಓದಬಲ್ಲ ಹುಡುಗಿಯನ್ನು ನಾವು ಪ್ರವಾಸೋದ್ಯಮಕ್ಕೆ ಅಟ್ಟಿಬಿಟ್ಟೆವು. ಇನ್ನು ವಾದ ಮಾಡಲು ಉಳಿದವರು ಓದದೆ ಇರುವವರು ಮಾತ್ರ.

ಎರಡನೆಯದು ಕ್ರೈಸ್ತ ಹಿರಿಯರ ಮಾತು. ಅವರ ಸಂಕೋಚ ನಮಗೆ ಅರ್ಥವಾಗದೆ ಇಲ್ಲ. ತಮ್ಮ ಬಗ್ಗೆ ಹೊರಗಿನವರು ಬರೆದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಅಂಜಿಕೆ ಅಲ್ಪಸಂಖ್ಯಾತರಿಗೆ ಸಹಜ. ಆದರೆ "ಒಳ್ಳೆಯದನ್ನಷ್ಟೇ ಬರೆ" ಎಂದರೆ ಅದು ಚರಿತ್ರೆಯಲ್ಲ, ಬಿನ್ನವತ್ತಳೆ. ಬಿನ್ನವತ್ತಳೆಯನ್ನು ಗೋಡೆಗೆ ತೂಗುಹಾಕಬಹುದು. ಅದರಿಂದ ಯಾರೂ ಏನನ್ನೂ ಕಲಿಯಲಾರರು.

ಒಳ್ಳೆಯದೆಂದು ಹೇಳುವ ವಿಷಯಗಳನ್ನೇ ತೆಗೆದುಕೊಳ್ಳೋಣ. ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಆರಂಭವಾಯಿತು. ಮಂಗಳೂರು ಹಂಚಿನ ಕೀರ್ತಿ ದೇಶವೆಲ್ಲ ಹರಡಿತು. ಸರಿ, ಆದರೆ ಧರ್ಮಬೋಧೆಗೆಂದು ಬಂದವರಿಗೆ ಹಂಚು ಸುಡುವ, ಮಗ್ಗ ನಡೆಸುವ ಗರಜು ಏಕೆ ಬಿತ್ತು? ಕ್ರೈಸ್ತರಾದವರಲ್ಲಿ ಬಹಳ ಮಂದಿ ಬಿಲ್ಲವರು. ಜಾತಿಯಿಂದ ಹೊರಬಿದ್ದ ಕೂಡಲೇ ಗೇಣಿಯ ಭೂಮಿ ಹೋಯಿತು, ಕುಲಕಸುಬು ಹೋಯಿತು, ಮನೆಮಠ ಹೋಯಿತು. ಅವರ ಹೊಟ್ಟೆಗೆ ದಾರಿ ತೋರಿಸಬೇಕಾಯಿತು. ಹಂಚಿನ ಹಿಂದೆ ಹಸಿವಿದೆ. ಕೊಡಗಿನಲ್ಲಿ ಹೊಲೆಯರ ಕುಟುಂಬಗಳಿಗಾಗಿ ಕಟ್ಟಿದ ಊರಿಗೆ ಆನಂದಪುರವೆಂದು ಅದೇ ಆನಂದರಾವ್ ಕೌಂಡಿನ್ಯರ ಹೆಸರು ಬಂತು. ಒಬ್ಬ ಸಾರಸ್ವತರ ಹೆಸರಿನ ಊರಿನಲ್ಲಿ ಹೊಲೆಯರು ಬಾಳಿದರು. ಅವರಿಬ್ಬರ ನಡುವಿನ ಅಂತರ ಸಭೆಯೊಳಗೆ ಎಷ್ಟು ಕರಗಿತು, ಎಷ್ಟು ಉಳಿಯಿತು? ಒಳ್ಳೆಯದನ್ನಷ್ಟೇ ಬರೆಯುವವನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಜಾತಿ ಚರ್ಚಿನ ಬಾಗಿಲಲ್ಲಿ ಚಪ್ಪಲಿಯ ಹಾಗೆ ಕಳಚಿ ಬೀಳುವುದಿಲ್ಲ. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕಂಕುಳಂ ಎಂಬಲ್ಲಿ 1872ರಲ್ಲಿ ಕಟ್ಟಿದ ಚರ್ಚಿಗೆ ಎರಡು ಕಾಲಿನ ಷರಾಯಿಯ ಆಕಾರ. ಮೇಲಿನವರು ಒಂದು ಕಾಲಿನಲ್ಲಿ, ಕೆಳಗಿನವರು ಇನ್ನೊಂದರಲ್ಲಿ ಕುಳಿತು ಒಂದೇ ಪೀಠದ ಪೂಜೆಯನ್ನು ನೋಡಬೇಕು. ನಡುವಿನ ಗೋಡೆ ಬಿದ್ದದ್ದು 1910ರಲ್ಲಿ. ಇದನ್ನು ಹೇಳಿದರೆ ಕ್ರೈಸ್ತಧರ್ಮದ ನಿಂದೆಯೇ? ಅಲ್ಲ. ಗೋಡೆ ಕಟ್ಟಿದವರೂ ಕ್ರೈಸ್ತರೇ, ಕೆಡವಿದವರೂ ಕ್ರೈಸ್ತರೇ. ಮೊದಲರ್ಧವನ್ನು ಮುಚ್ಚಿಟ್ಟರೆ ಎರಡನೆಯ ಅರ್ಧದ ಹಿರಿಮೆಯೂ ಮುಚ್ಚಿಹೋಗುತ್ತದೆ.

ಕಚೇರಿಯ ಗುಮಾಸ್ತರಾದ ನಮಗೆ ಇನ್ನೊಂದು ಕಾಗದದ ಪರಿಚಯ ಚೆನ್ನಾಗಿದೆ. ಅದು ಪರಿಶಿಷ್ಟ ಜಾತಿಗಳ ಬಗೆಗಿನ 1950ರ ರಾಷ್ಟ್ರಪತಿಗಳ ಆದೇಶ. ಮೊದಲು ಹಿಂದೂಗಳಿಗೆ ಮಾತ್ರ ಎಂದಿದ್ದದ್ದು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಈ ವಿಷಯವನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಮತ ಬದಲಾದರೆ ಜಾತಿ ಹೋಗುತ್ತದೆಯೇ ಎಂಬ ಒಂದು ಪ್ರಶ್ನೆಯ ಮೇಲೆ ಲಕ್ಷಾಂತರ ಜನರ ಶಾಲೆಯ ಫೀಜೂ ನೌಕರಿಯೂ ತೂಗುತ್ತಿವೆ. ಕೊಡುವುದು ಸರಿಯೋ ಬಿಡುವುದು ಸರಿಯೋ ಎಂಬುದನ್ನು ನಾವು ಇಲ್ಲಿ ತೀರ್ಮಾನಿಸಹೊರಟಿಲ್ಲ. ಆದರೆ ತೀರ್ಮಾನಿಸುವವರ ಕೈಗೆ ಊರೂರಿನ ಸಭೆಗಳ ನಿಜವಾದ ಚರಿತ್ರೆ ಸಿಗಬೇಕಾದರೆ ಅದನ್ನು ಬರೆಯುವ ವಿದ್ಯಾರ್ಥಿಗಳು ಬೇಕು. ಅವರಿಗೆ ಬಾಗಿಲು ತೆರೆಯುವ ಹಿರಿಯರೂ ಬೇಕು.

ಟಿಪ್ಪು ಸುಲ್ತಾನನು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಪ್ರಕರಣವೂ ಹಾಗೆಯೇ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಅದು ಇಂದಿಗೂ ಆರದ ನೆನಪು. ಸೆರೆಯಾದವರು 30,000 ಎನ್ನುವವರಿದ್ದಾರೆ, 60,000 ಎನ್ನುವವರಿದ್ದಾರೆ, 80,000 ಎನ್ನುವವರೂ ಇದ್ದಾರೆ. ಟಿಪ್ಪುವನ್ನು ಹೊಗಳುವವರು ಚಿಕ್ಕ ಅಂಕಿಯನ್ನೂ ತೆಗಳುವವರು ದೊಡ್ಡ ಅಂಕಿಯನ್ನೂ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾರೆ. ಯಾವ ಅಂಕಿಯನ್ನು ಯಾರು ಬರೆದರು, ಯಾವಾಗ ಬರೆದರು, ಕಣ್ಣಾರೆ ಕಂಡು ಬರೆದರೋ ಕೇಳಿ ಬರೆದರೋ ಎಂದು ಕೇಳುವವನನ್ನು ಇಬ್ಬರೂ ಶತ್ರುವೆಂದು ನೋಡುತ್ತಾರೆ. ಅವನೇ ಸತ್ತವರಿಗೂ ಬದುಕಿ ಬಂದವರಿಗೂ ನಿಜವಾದ ಸ್ನೇಹಿತನೆಂದು ನಮ್ಮ ನಂಬಿಕೆ.

ಇನ್ನು ಮಾರ್ಗದರ್ಶಕರ ಮಾತು. ಮೂರರಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಇದೇ, ಏಕೆಂದರೆ ಇದು ವಿದ್ಯೆಯ ವೇಷ ತೊಟ್ಟು ಬರುತ್ತದೆ. ನಾಲ್ಕು ಪುಸ್ತಕ ನೋಡಿ ಐದನೆಯದನ್ನು ಬರೆಯುವುದು. ಇಂದು ಗಣಕ ಯಂತ್ರದ ಸಹಾಯದಿಂದ ಆ ನಾಲ್ಕನ್ನೂ ನೋಡುವ ಕಷ್ಟವಿಲ್ಲ. ಇಂಥವರಿಗಾಗಿ ನಮ್ಮ ಕನ್ನಡ ನಾಡಿನದೇ ಒಂದು ಕಥೆಯಿದೆ.

ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿದವರು. ಹಿಂದೂಗಳ ಆಚಾರ ವ್ಯವಹಾರಗಳ ಮೇಲೆ ಅವರ ಹೆಸರಿನ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಈಸ್ಟ್ ಇಂಡಿಯಾ ಕಂಪೆನಿ ಹಣ ಕೊಟ್ಟು ಕೊಂಡ ಹಸ್ತಪ್ರತಿ ಅದು. ತಲೆಮಾರುಗಳ ಕಾಲ ಬಿಳಿಯ ಅಧಿಕಾರಿಗಳು ಅದನ್ನು ಓದಿ ನಮ್ಮನ್ನು ಅಳೆದರು. 1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ಸಂಶೋಧಕಿ ಹಳೆಯ ಹಸ್ತಪ್ರತಿಗಳನ್ನು ಎದುರುಬದುರು ಇಟ್ಟು ತೋರಿಸಿದರು: ಆ ಗ್ರಂಥದ ಬಹುಭಾಗ ದುಬ್ವಾ ಅವರಿಗಿಂತ ಹಿಂದಿನ ಕೆರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದು! ಸುಮಾರು 170 ವರ್ಷ ಜಗತ್ತು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರನ್ನು ಓದಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹತ್ತೊಂಬತ್ತನೆಯ ಶತಮಾನದ ಮೈಸೂರಿನ ವರ್ಣನೆಯೆಂದು ನಾವು ತಿಳಿದದ್ದರಲ್ಲಿ ಎಷ್ಟೋ ಭಾಗ ಹದಿನೆಂಟನೆಯ ಶತಮಾನದ ಬೇರೆ ಸೀಮೆಯದು. ನಾಲ್ಕು ಇಂಗ್ಲಿಷ್ ಪುಸ್ತಕ ನೋಡಿ ಬರೆಯುವವನು ಈ ಗುಂಡಿಯಲ್ಲಿ ಐದನೆಯವನಾಗಿ ಬೀಳುತ್ತಾನೆ.

ಅದೇ ದುಬ್ವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನಕ್ಕೆ ಫಲವಿಲ್ಲವೆಂದು ತೀರ್ಪು ಕೊಟ್ಟು ಫ್ರಾನ್ಸಿಗೆ ಹೊರಟುಹೋದರು. ಅವರು ಹೋದ ಹನ್ನೊಂದು ವರ್ಷಕ್ಕೆ ಬಾಸೆಲಿನವರು ಬಂದರು. ಪಾದ್ರಿಗಳೆಲ್ಲ ಒಂದೇ ಮಾತು, ಒಂದೇ ಸಂಚು ಎನ್ನುವವರೂ, ಎಲ್ಲರೂ ಒಂದೇ ಸಮನೆ ಸಂತರು ಎನ್ನುವವರೂ ಈ ಒಂದು ಸಂಗತಿಯ ಮುಂದೆ ಸ್ವಲ್ಪ ನಿಂತು ಯೋಚಿಸಬೇಕು.

ಕನ್ನಡ ಏಕೆ ಎಂಬ ಪ್ರಶ್ನೆಗೆ ಧರ್ಮಗ್ರಂಥವೇ ಉತ್ತರ ಕೊಡುತ್ತದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಪ್ಪತ್ತು ವರ್ಷದ ದುಡಿಮೆ. ಗ್ರೀಕಿನ ಒಂದೊಂದು ಮಾತಿಗೂ ಕನ್ನಡದ ಮಾತು ಹುಡುಕಬೇಕು. "ಬಾಪ್ತಿಸ್ಮ" ಎಂಬುದನ್ನು ಮರಾಠಿಯವರು ಹಾಗೆಯೇ ಇಟ್ಟುಕೊಂಡರು, ತೆಲುಗಿನವರೂ ಇಟ್ಟುಕೊಂಡರು. ತಮಿಳರು ಜ್ಞಾನಸ್ನಾನ ಎಂದರು. ಕನ್ನಡದ ಪ್ರೊಟೆಸ್ಟೆಂಟರಲ್ಲಿ ಅದು "ದೀಕ್ಷಾಸ್ನಾನ"ವಾಯಿತು. ದೀಕ್ಷೆಯೆಂದರೆ ಕನ್ನಡಿಗನ ಕಿವಿಗೆ ಏನು ಕೇಳಿಸುತ್ತದೆ? ಗುರು, ಲಿಂಗ, ಮಠ. ಹೊಸ ಧರ್ಮ ಹಳೆಯ ಧರ್ಮದ ಮನೆಯಿಂದ ಮಾತನ್ನು ಸಾಲ ತಂದಿತು. ಹಾಗೆಯೇ ಯೋಹಾನನ ಸುವಾರ್ತೆಯ ಮೊದಲಲ್ಲಿ ಬರುವ "ಲೋಗೋಸ್" ಮರಾಠಿಯಲ್ಲಿ "ಶಬ್ದ"ವಾದರೆ ಕನ್ನಡದಲ್ಲಿ "ವಾಕ್ಯ". ಏಕೆ? ಕನ್ನಡ ಮನೆಯಲ್ಲಿ ಮಾತಾಡಿ ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಮುಂಬಯಿಯ ಮಗುವಿಗೆ ಈ ಪ್ರಶ್ನೆಯನ್ನು ಕೇಳುವ ಯೋಗ್ಯತೆ ಹುಟ್ಟಿನಿಂದ ಬಂದಿದೆ. ಬೆಂಗಳೂರಿನ ಮಗುವಿಗೆ ಆ ಅನುಕೂಲವಿಲ್ಲ, ಬಾಸೆಲಿನ ವಿದ್ವಾಂಸನಿಗೂ ಇಲ್ಲ.

ಇಲ್ಲಿಗೆ ಸಮೀಪದ ಇನ್ನೊಂದು ನಿದರ್ಶನ: 1579ರಲ್ಲಿ ಗೋವೆಗೆ ಬಂದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಹತ್ತು ಸಾವಿರಕ್ಕೂ ಮೇಲ್ಪಟ್ಟ ಓವಿಗಳಲ್ಲಿ ಮರಾಠಿ "ಕ್ರಿಸ್ತಪುರಾಣ"ವನ್ನು ಬರೆದರು. ಅದು 1616ರಲ್ಲಿ ಅಚ್ಚಾಯಿತು. ಮುಂದೆ ಅದನ್ನು ಸಂಪಾದಿಸಿ 1907ರಲ್ಲಿ ಮತ್ತೆ ಬೆಳಕಿಗೆ ತಂದವರು ಜೋಸೆಫ್ ಸಲ್ಡಾನ್ಹಾ, ತಂದದ್ದು ನಮ್ಮ ಮಂಗಳೂರಿನಲ್ಲಿ. ಕಿಟ್ಟೆಲರು ಕೂಡ 1862ರ "ಕಥಾಮಾಲೆ"ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು. ಪುರಾಣವೆಂಬ ಹೆಸರು, ಓವಿಯ ಧಾಟಿ, ಕನ್ನಡದ ಛಂದಸ್ಸು ಹೊತ್ತು ಬಂದ ಕ್ರಿಸ್ತನು ಕೇಳುವವರಿಗೆ ಯಾರಾಗಿ ಕಂಡನು? ಇಂಗ್ಲಿಷಿನ ನಾಲ್ಕು ಪುಸ್ತಕಗಳು ಇದನ್ನು ಹೇಳಲಾರವು. ಹೇಳಬಲ್ಲವರು ಹಾಡಿ ಕೇಳಬಲ್ಲವರು.

ಸಾಮಗ್ರಿಯಿಲ್ಲವೆಂಬ ನೆವವೂ ಈಗ ಉಳಿದಿಲ್ಲ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದವರು 2018ರಲ್ಲಿ ಗುಂಡರ್ಟರ ಹೆಸರಿನ ಅಂತರ್ಜಾಲ ಭಂಡಾರವನ್ನು ತೆರೆದು ಮಲಯಾಳಂ ಪುಸ್ತಕಗಳೊಂದಿಗೆ ಕನ್ನಡ, ತುಳು ಪುಸ್ತಕಗಳನ್ನೂ ಲೋಕಕ್ಕೆಲ್ಲ ಬಿಟ್ಟಿಯಾಗಿ ಕೊಟ್ಟಿದ್ದಾರೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆಗಳಿವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಮದರಾಸು ವಿಶ್ವವಿದ್ಯಾನಿಲಯದಲ್ಲಿಯೂ ಕ್ರೈಸ್ತ ಅಧ್ಯಯನದ ವಿಭಾಗಗಳೇ ಇವೆ. ಇಲ್ಲಿ ಮುಂಬಯಿಯಲ್ಲಿ ಫಾದರ್ ಹೇರಾಸರು 1926ರಲ್ಲಿ ಸ್ಥಾಪಿಸಿದ ಸಂಸ್ಥೆ ಬೋರಿಬಂದರಿನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಇಲ್ಲದಿರುವುದು ಒಂದೇ: ಕನ್ನಡ ಲಿಪಿಯನ್ನು ಸರಾಗವಾಗಿ ಓದಬಲ್ಲ ನಮ್ಮ ಮಕ್ಕಳು. ಜರ್ಮನರು ಕನ್ನಡ ಕಲಿತು ನಮ್ಮ ಅಜ್ಜಂದಿರ ಕಾಗದಗಳನ್ನು ಓದುತ್ತಾರೆ. ನಮ್ಮ ಮಕ್ಕಳು ಆ ಜರ್ಮನರ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ ಅಜ್ಜಂದಿರನ್ನು ತಿಳಿಯಬೇಕು! ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೇ?

ಕಾಲೇಜಿನ ಪ್ರಯೋಗಾಲಯದಲ್ಲಿ ನಮಗೊಂದು ಶಿಸ್ತನ್ನು ಕಲಿಸಿದ್ದರು. ದಾಖಲೆ ಪುಸ್ತಕದ ಎಡಪುಟದಲ್ಲಿ ಕಂಡದ್ದನ್ನು ಬರೆ, ಬಲಪುಟದಲ್ಲಿ ಅದರಿಂದ ತಿಳಿದದ್ದನ್ನು ಬರೆ; ಬಲಪುಟವನ್ನು ಮೊದಲು ತುಂಬಿ ಎಡಪುಟವನ್ನು ಆಮೇಲೆ ಹೊಂದಿಸಬೇಡ. ಸೋದರಮಾವನವರ ಬಲಪುಟದಲ್ಲಿ ಭಯ ಬರೆದಾಗಿದೆ, ಕ್ರೈಸ್ತ ಹಿರಿಯರದರಲ್ಲಿ ಹೊಗಳಿಕೆ ಬರೆದಾಗಿದೆ, ಮಾರ್ಗದರ್ಶಕರದರಲ್ಲಿ ಅಂಕಗಳು ಬರೆದಾಗಿವೆ. ಮೂವರ ಎಡಪುಟವೂ ಖಾಲಿ.

ಮಾತು ಸಾಕು, ಕೆಲಸ ಹೇಳುತ್ತೇವೆ. ಸಂಘದ ಕಾರ್ಯಕಾರಿ ಸಮಿತಿಯವರು ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಈ ವಿಷಯಕ್ಕೆ ಬಿಡಲಿ. ಭಾನುವಾರದ ಕನ್ನಡ ತರಗತಿಯಲ್ಲಿ ದೊಡ್ಡ ಮಕ್ಕಳಿಗೆ ಹಳೆಯ ಅಚ್ಚಿನ, ಹಳೆಯ ಕೈಬರಹದ ಕನ್ನಡವನ್ನು ಓದಿಸಲಿ. ಮಂಗಳೂರು, ಉಡುಪಿ, ಹುಬ್ಬಳ್ಳಿ, ಬಳ್ಳಾರಿ ಕಡೆಗಳಿಂದ ಬಂದು ಇಲ್ಲಿ ನೆಲೆಸಿದ ಕ್ರೈಸ್ತ ಬಂಧುಗಳು ಅಜ್ಜಿಯ ಪೆಟ್ಟಿಗೆಯ ಹಾಡಿನ ಪುಸ್ತಕ, ಸಭೆಯ ಹಳೆಯ ಪತ್ರಿಕೆ, ಊರಿನಿಂದ ಬಂದ ಕಾಗದ ಮೊದಲಾದವನ್ನು ರದ್ದಿಯವನಿಗೆ ತೂಕಕ್ಕೆ ಹಾಕುವ ಮುಂಚೆ ಒಬ್ಬ ವಿದ್ಯಾರ್ಥಿಗೆ ತೋರಿಸಲಿ, ಅವನು ಯಾವ ಜಾತಿಯವನಾದರೂ ಸರಿ. ಮುಂದಿನ ನವೆಂಬರಿನಲ್ಲಿ ಕಿಟ್ಟೆಲರಿಗೆ ಹಾರ ಹಾಕುವ ಬದಲು ಒಬ್ಬ ಹುಡುಗನೋ ಹುಡುಗಿಯೋ ತಾನೇ ಓದಿ ಬರೆದ ಅರ್ಧ ಗಂಟೆಯ ಪ್ರಬಂಧವನ್ನು ಕೇಳೋಣ. ಅದರಲ್ಲಿ ನಮಗೆ ಹಿತವಲ್ಲದ ಮಾತೂ ಇರಬಹುದು. ಇದ್ದರೆ ಎದ್ದು ಆಧಾರ ಕೇಳೋಣ. ಗಡಿಯಾರ ನೋಡುವುದು ಬೇಡ.